ತಗಡಿನ ಗೋಡೆ ದಾಟಿ ಬರುವ ಆವಿ

ಮುಂಬಯಿಯ ಚೆಂಬೂರಿನಲ್ಲಿ ನಮ್ಮ ಪಕ್ಕದ ಹಳೆಯ ಹೌಸಿಂಗ್ ಸೊಸೈಟಿಯನ್ನು ಕೆಡವಿ ಮೂರು ವರ್ಷವಾಯಿತು. ಈಗ ಅಲ್ಲಿ ಟವರ್ ಎದ್ದಿದೆ. ಸುತ್ತ ಎತ್ತರದ ತಗಡಿನ ಶೀಟು, ಕಟ್ಟಡಕ್ಕೆ ಹೊದಿಸಿದ ಹಸಿರು ಬಲೆ, ದಿನಕ್ಕೆರಡು ಸಲ ನೀರು ಹೊಡೆಯುವ ಟ್ಯಾಂಕರ್. ಧೂಳು ಕಮ್ಮಿಯಾದದ್ದು ಸುಳ್ಳಲ್ಲ. ಬಾಲ್ಕನಿಯ ಕಂಬಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮೊದಲಿನ ಹಾಗೆ ಕೆಸರು ಹತ್ತುವುದಿಲ್ಲ. ಆದರೆ ಕಳೆದ ಡಿಸೆಂಬರಿನಲ್ಲಿ ಅಲ್ಲಿ ಪೇಂಟಿಂಗ್ ಶುರುವಾದ ದಿನ ಬೆಳಗ್ಗೆ ಹತ್ತು ಗಂಟೆಗೇ ಥಿನ್ನರ್ ವಾಸನೆ ನಮ್ಮ ಅಡುಗೆಮನೆಯವರೆಗೆ ಬಂತು. ಎದುರು ಬಾಗಿಲಿನ ಶೆಟ್ರು, ನಲವತ್ತು ವರ್ಷ ಹೋಟೆಲ್ ನಡೆಸಿ ಈಗ ಮನೆಯಲ್ಲಿರುವವರು, ಬೈರಾಸಿನ ತುದಿಯಿಂದ ಮೂಗು ಮುಚ್ಚಿಕೊಂಡು ಕೇಳಿದರು: "ಧೂಳಿಗೆ ಶೀಟು ಹಾಕಿದ್ರು, ಸರಿ. ಈ ವಾಸನೆಗೆ ಎಂಥ ಹಾಕ್ತಾರೆ ಮಾರ್ರೆ?"

ಮುಂಬಯಿಯ ಗಾಳಿಯ ಬಗ್ಗೆ ಕೇಳಬೇಕಾದ ಪ್ರಶ್ನೆ ಇದೇ ಎಂದು ನನಗೆ ಅನ್ನಿಸುತ್ತದೆ. ವಾಸನೆ ಎಂದರೆ ಮೂಗಿಗೆ ಮುಟ್ಟಿದ ಆವಿ. ಆ ಆವಿಯಲ್ಲಿ ಒಂದು ಪಾಲು ಗಾಳಿಯಲ್ಲೇ ಬದಲಾಗಿ, ಬಿಸಿಲಲ್ಲಿ ಬೆಂದು, ಕೆಲವು ಗಂಟೆಗಳಲ್ಲಿ ಕಣವಾಗುತ್ತದೆ. ಅಂದರೆ ತಗಡಿನ ಗೋಡೆ ದಾಟಿ ಬಂದದ್ದು ಇನ್ನೂ ಹುಟ್ಟದ ಧೂಳು.

ನಗರದ ಗಾಳಿಯಲ್ಲಿರುವ ಕಣಗಳಿಗೆ ಎರಡು ಮೂಲ. ಕೆಲವು ಕಣವಾಗಿಯೇ ಹೊರಬೀಳುತ್ತವೆ: ರಸ್ತೆಯ ಮಣ್ಣು, ಸಿಮೆಂಟಿನ ಪುಡಿ, ಡೀಸೆಲ್ ಹೊಗೆಯ ಮಸಿ, ಸಮುದ್ರದ ಉಪ್ಪು. ಇನ್ನು ಕೆಲವು ಯಾವ ಕೊಳವೆಯಿಂದಲೂ ಕಣವಾಗಿ ಬಂದವಲ್ಲ. ಕಣ್ಣಿಗೆ ಕಾಣದ ಅನಿಲಗಳು ಗಾಳಿಯಲ್ಲಿ ಒಂದನ್ನೊಂದು ಸಂಧಿಸಿ, ಅಂಟಿಕೊಂಡು, ಇದ್ದಕ್ಕಿದ್ದಂತೆ ಘನವೋ ದ್ರವವೋ ಆಗಿ ನಿಲ್ಲುತ್ತವೆ. ಈ ಎರಡನೆಯ ಬಗೆಯ ಹುಟ್ಟು ಬಹಳ ಕಷ್ಟದ ಹುಟ್ಟು. ಅದು ಏಕೆ ಕಷ್ಟ ಎಂಬುದನ್ನು ತಿಳಿಯಲು ಇಡ್ಲಿ ಅಟ್ಟದ ಮುಚ್ಚಳ ತೆಗೆದು ನೋಡಿದರೆ ಸಾಕು. ಮುಚ್ಚಳದ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿರುತ್ತವೆ. ಆವಿಗೆ ಕೂರಲು ಒಂದು ಮೈ ಬೇಕು. ಮುಚ್ಚಳ ತೆಗೆದಾಗ ಮೇಲೇಳುವ ಬಿಳಿ ಹಬೆಗೂ ಅಂಥದೇ ಆಸರೆ ಇರುತ್ತದೆ, ಗಾಳಿಯಲ್ಲಿ ಮೊದಲೇ ತೇಲುತ್ತಿದ್ದ ಸೂಕ್ಷ್ಮ ಧೂಳು. ಸ್ಕಾಟ್ಲೆಂಡಿನ ಜಾನ್ ಐಟ್ಕಿನ್ 1880ರ ಹೊತ್ತಿಗೇ ಇದನ್ನು ತೋರಿಸಿದ್ದರು. ಧೂಳನ್ನು ಸೋಸಿ ತೆಗೆದ ಗಾಳಿಗೆ ಹಬೆ ಬಿಟ್ಟರೆ ಮಂಜು ಕಟ್ಟಲಿಲ್ಲ. ಸೋಸದ ಗಾಳಿಗೆ ಬಿಟ್ಟರೆ ದಟ್ಟವಾಗಿ ಕಟ್ಟಿತು. ಮುಂದೆ ಗಾಳಿಯ ಕಣಗಳನ್ನು ಎಣಿಸುವ ಉಪಕರಣವನ್ನೂ ಅವರೇ ಮಾಡಿದರು.

ಆಸರೆಯಿಲ್ಲದೆ ಕಣ ಕಟ್ಟುವುದು ನೀರಾವಿಗೆ ಆಗದು, ಸಲ್ಫ್ಯೂರಿಕ್ ಆಮ್ಲಕ್ಕೆ ಆಗುತ್ತದೆ. ಹಳಬರು ಗಂಧಕಾಮ್ಲ ಎನ್ನುತ್ತಿದ್ದುದು ಇದನ್ನೇ. ಕಲ್ಲಿದ್ದಲಿನಲ್ಲಿ, ಹಡಗಿನ ಭಾರ ಎಣ್ಣೆಯಲ್ಲಿ ಗಂಧಕ ಇರುತ್ತದೆ. ಅದು ಉರಿದಾಗ ಸಲ್ಫರ್ ಡೈಆಕ್ಸೈಡ್. ಬಿಸಿಲಿನಲ್ಲಿ ಓಝೋನು ಒಡೆದು ನೀರಾವಿಯ ಜತೆ ಸೇರಿದಾಗ ಹೈಡ್ರಾಕ್ಸಿಲ್ ಎಂಬ ತುಣುಕು ಹುಟ್ಟುತ್ತದೆ. ಅದರ ಆಯುಸ್ಸು ಸುಮಾರು ಒಂದು ಸೆಕೆಂಡು, ಕೊಳಕು ಗಾಳಿಯಲ್ಲಿ ಇನ್ನೂ ಕಮ್ಮಿ. ಆ ಒಂದು ಸೆಕೆಂಡಿನಲ್ಲಿ ಎದುರಿಗೆ ಸಿಕ್ಕಿದ್ದರ ಮೇಲೆ ಬೀಳುತ್ತದೆ. ಸಿಕ್ಕಿದ್ದು ಸಲ್ಫರ್ ಡೈಆಕ್ಸೈಡ್ ಆದರೆ, ಒಂದೆರಡು ಹೆಜ್ಜೆಯಲ್ಲಿ ಸಲ್ಫ್ಯೂರಿಕ್ ಆಮ್ಲದ ಒಂದು ಅಣು ತಯಾರು. ಈ ಆಮ್ಲಕ್ಕೆ ಅನಿಲವಾಗಿ ಉಳಿಯುವ ಒಲವೇ ಇಲ್ಲ. ಜತೆ ಸಿಕ್ಕರೆ ಕೂಡಲೇ ಅಂಟಿಕೊಳ್ಳುತ್ತದೆ.

ಪ್ರಮಾಣವನ್ನು ಗಮನಿಸಿ. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ, ಅಂದರೆ ಲೂಡೋ ಆಟದ ದಾಳದಷ್ಟು ಜಾಗದಲ್ಲಿ, ಇಂಥ ಆಮ್ಲದ ಅಣುಗಳು ಹಗಲಿನಲ್ಲಿ ಕೆಲವು ಲಕ್ಷದಿಂದ ಕೋಟಿಯವರೆಗೆ ಇರಬಹುದು. ಕೋಟಿ ಎಂದರೆ ದೊಡ್ಡದೆನ್ನಿಸುತ್ತದೆ. ಆದರೆ ಅದೇ ಜಾಗದಲ್ಲಿರುವ ಗಾಳಿಯ ಅಣುಗಳ ಲೆಕ್ಕ ಹಿಡಿದರೆ, ಲಕ್ಷ ಕೋಟಿ ಅಣುಗಳಲ್ಲಿ ಒಂದು ಕೂಡ ಇದಲ್ಲ. ಅಷ್ಟು ವಿರಳವಾದ ಎರಡು ಅಣುಗಳು ಭೇಟಿಯಾಗಿ ಅಂಟಿಕೊಂಡರೂ, ಮುಂಬಯಿಯ ಸೆಖೆಗೆ ಆ ಜೋಡಿ ಮತ್ತೆ ಕಳಚಿಕೊಳ್ಳುತ್ತದೆ. ಮೂರನೆಯದು, ನಾಲ್ಕನೆಯದು ಬಂದು ಸೇರುವ ತನಕ ಅವು ಕೈ ಬಿಡದೆ ನಿಲ್ಲಬೇಕು. ಹಾಗೆ ನಿಲ್ಲಿಸುವುದು ಪ್ರತ್ಯಾಮ್ಲಗಳ ಕೆಲಸ: ಅಮೋನಿಯಾ, ಮತ್ತು ಅದಕ್ಕಿಂತ ಬಲವಾಗಿ ಹಿಡಿಯುವ ಅಮೈನ್‌ಗಳು.

ಜಿನೀವಾದ ಸರ್ನ್ ಪ್ರಯೋಗಾಲಯ ದೊಡ್ಡ ದೊಡ್ಡ ಕಣಯಂತ್ರಗಳಿಗೆ ಹೆಸರಾದದ್ದು. ಅಲ್ಲಿ 2009ರಿಂದ ‘ಕ್ಲೌಡ್’ ಎಂಬ ಪ್ರಯೋಗವೂ ನಡೆಯುತ್ತಿದೆ. ಸುಮಾರು 26 ಘನ ಮೀಟರಿನ ಉಕ್ಕಿನ ಕೋಠಿಯೊಳಗೆ ಅತ್ಯಂತ ಶುದ್ಧವಾದ ಗಾಳಿ ತುಂಬಿ, ಒಂದೊಂದೇ ಆವಿಯನ್ನು ಚಿಟಿಕೆಗಿಂತ ಕಮ್ಮಿ ಸೇರಿಸಿ, ಕಣ ಎಷ್ಟು ಬೇಗ ಹುಟ್ಟುತ್ತದೆ ಎಂದು ನೋಡುತ್ತಾರೆ. 2013ರಲ್ಲಿ ಪ್ರಕಟವಾದ ಅವರ ಒಂದು ಫಲಿತಾಂಶ ನನ್ನನ್ನು ಬಹಳ ದಿನ ಕಾಡಿತು. ಡೈಮಿಥೈಲ್ ಅಮೈನ್ ಎಂಬ ಆವಿ ಲಕ್ಷ ಕೋಟಿಯಲ್ಲಿ ಮೂರು ಭಾಗ ಇದ್ದರೂ ಸಾಕು, ಅಮೋನಿಯಾ ಇದ್ದಾಗಿನದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ವೇಗದಲ್ಲಿ ಕಣಗಳು ಹುಟ್ಟುತ್ತವೆ.

ಅಮೈನ್ ಎಂದರೆ ನಮಗೆ ಅಪರಿಚಿತವಲ್ಲ. ಮೀನಿನ ವಾಸನೆಯೇ ಅದು. ಮಲ್ಪೆಯಲ್ಲಿ ಬೆಳೆದು ಇಲ್ಲಿಗೆ ಬಂದ ಮೊಗವೀರರಿಗೆ ವರ್ಸೋವಾದ ಮೀನುಗಾರರ ಕೇರಿ ಕೋಳಿವಾಡದಲ್ಲಿ ಬಿದಿರಿನ ಅಡ್ಡೆಗೆ ಬೊಂಬಿಲ್ ಮೀನು ಜೋತುಹಾಕಿ ಒಣಗಿಸುವಾಗ ಬರುವ ವಾಸನೆ ಊರನ್ನು ನೆನಪಿಸುತ್ತದೆ. ಅದರಲ್ಲಿರುವುದು ಟ್ರೈಮಿಥೈಲ್ ಅಮೈನ್, ಅದರ ನಂಟನೇ ಡೈಮಿಥೈಲ್ ಅಮೈನ್. ಇದನ್ನು ಓದಿ ಮೀನು ಒಣಗಿಸುವವರ ಮೇಲೆ ಯಾರೂ ಬೆರಳು ತೋರಿಸಬಾರದು. ಶತಮಾನಗಳಿಂದ ಅವರು ಒಣಗಿಸುತ್ತಿದ್ದಾರೆ. ಗಂಧಕದ ಹೊಗೆ ಸೇರದ ಹೊರತು ಆ ಆವಿಗೆ ಈ ಜೋಡಿ ಸಿಗುತ್ತಿರಲಿಲ್ಲ. ತೆರೆದ ಗಟಾರ, ಕಸದ ಗುಡ್ಡ, ದನಕರುಗಳ ಸಗಣಿ-ಗಂಜಲ, ಕೆಲವು ಕಾರ್ಖಾನೆಗಳು, ಇವೆಲ್ಲ ಅಮೈನಿನ ಮೂಲಗಳೇ. ದೇವನಾರಿನ ಕಸದ ಗುಡ್ಡ ನಮ್ಮ ಮನೆಯಿಂದ ದೂರವಿಲ್ಲ. 2016ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದಾಗ ಎದ್ದ ಹೊಗೆ ಉಪಗ್ರಹದ ಚಿತ್ರಗಳಲ್ಲೂ ಕಾಣಿಸಿತ್ತು.

ಒಮ್ಮೆ ಈ ಕಣ್ಣಿನಿಂದ ನಗರದ ಪೂರ್ವ ಅಂಚನ್ನು ನೋಡಿ. ಟ್ರಾಂಬೆ-ಮಾಹುಲ್ ಪಟ್ಟಿಯಲ್ಲಿ ಎಣ್ಣೆ ಶುದ್ಧೀಕರಣ ಘಟಕಗಳು, ಗೊಬ್ಬರದ ಕಾರ್ಖಾನೆ, ಉಷ್ಣ ವಿದ್ಯುತ್ ಸ್ಥಾವರ, ರಾಸಾಯನಿಕ ತುಂಬಿಡುವ ಟ್ಯಾಂಕುಗಳು ಒಂದರ ಪಕ್ಕ ಒಂದು ಇವೆ. ಆಚೆ ಖಾರಿ, ಅದರಾಚೆ ನ್ಹಾವಾ ಶೇವಾ ಬಂದರು. ಹಡಗಿನ ಎಣ್ಣೆಯಲ್ಲಿ ಗಂಧಕ ಶೇ 3.5ರವರೆಗೆ ಇರಬಹುದಿತ್ತು, 2020ರ ಜನವರಿ 1ರಿಂದ ಜಗತ್ತಿನಾದ್ಯಂತ ಅದನ್ನು ಶೇ 0.5ಕ್ಕೆ ಇಳಿಸಿದರು. ದೊಡ್ಡ ಇಳಿಕೆಯೇ. ಆದರೆ ನಮ್ಮ ಬಿಎಸ್-6 ಡೀಸೆಲಿನಲ್ಲಿರುವ ಗಂಧಕ ಹತ್ತು ಲಕ್ಷದಲ್ಲಿ 10 ಭಾಗ. ಹಡಗಿನ ಹೊಸ ಎಣ್ಣೆಯಲ್ಲಿ ಅದು 5,000 ಭಾಗದ ತನಕ ಇರಬಹುದು. ಮಾಹುಲಿನ ಸಾವಯವ ಆವಿಗಳ (ಪೆಟ್ರೋಲು, ಥಿನ್ನರಿನಂಥ ಇಂಗಾಲದ ದ್ರವಗಳಿಂದ ಏಳುವ ಆವಿಗಳ) ಬಗ್ಗೆ ಅಲ್ಲಿನ ನಿವಾಸಿಗಳು ವರ್ಷಗಟ್ಟಲೆ ಹೋರಾಡಿದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರಲ್ಲಿ ಕಂಪನಿಗಳಿಗೆ ದಂಡ ವಿಧಿಸಿತು. ಗಂಧಕ, ಅಮೋನಿಯಾ, ಅಮೈನ್, ಸಾವಯವ ಆವಿ, ಜತೆಗೆ ವರ್ಷದಲ್ಲಿ ಎಂಟು ತಿಂಗಳು ಧಾರಾಳ ಬಿಸಿಲು. ಅಡುಗೆಗೆ ಬೇಕಾದ ಸಾಮಾನೆಲ್ಲ ಒಂದೇ ಕಪಾಟಿನಲ್ಲಿ ಇಟ್ಟ ಹಾಗಿದೆ.

ಅಮೋನಿಯಾ ಗೊಬ್ಬರದಿಂದ, ಕೊಟ್ಟಿಗೆಯಿಂದ ಮಾತ್ರ ಬರುತ್ತದೆ ಎಂದುಕೊಂಡಿದ್ದವರಿಗೆ ಇನ್ನೊಂದು ಸಂಗತಿ. ಪೆಟ್ರೋಲ್ ಮತ್ತು ಸಿಎನ್‌ಜಿ ವಾಹನಗಳಲ್ಲಿ ಹೊಗೆ ಶುದ್ಧಿ ಮಾಡಲು ಇಡುವ ಕ್ಯಾಟಲಿಟಿಕ್ ಕನ್ವರ್ಟರ್ ನೈಟ್ರಿಕ್ ಆಕ್ಸೈಡನ್ನು ನಿರಪಾಯ ಸಾರಜನಕ ಮಾಡುವ ಭರದಲ್ಲಿ ಸ್ವಲ್ಪವನ್ನು ಅಮೋನಿಯಾ ಮಾಡಿಬಿಡುತ್ತದೆ. ಕನ್ವರ್ಟರ್ ಬೇಡ ಎಂದು ಇದರ ಅರ್ಥವಲ್ಲ. ಅದು ಉಳಿಸಿದ ಜೀವಗಳು ಬಹಳ. ಆದರೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಸಂಜೆ ನಿಂತ ಕಾರುಗಳ ಸಾಲು ಅಮೋನಿಯಾದ ಸಾಲೂ ಹೌದು.

ಇಲ್ಲಿಯವರೆಗಿನದು ಸುಲಭ. ವಿಜ್ಞಾನಿಗಳನ್ನು ದಶಕಗಳ ಕಾಲ ತಬ್ಬಿಬ್ಬು ಮಾಡಿದ ಪ್ರಶ್ನೆ ಬೇರೆ. ಮುಂಬಯಿ, ದೆಹಲಿ, ಶಾಂಘಾಯಿಯಂಥ ಕೊಳಕು ಗಾಳಿಯಲ್ಲಿ ಹೊಸ ಕಣ ಹುಟ್ಟಲೇಬಾರದಿತ್ತು! ಇಡ್ಲಿ ಅಟ್ಟದ ಮುಚ್ಚಳವನ್ನು ನೆನೆಯಿರಿ: ಕೂರಲು ಮೈ ಸಿಕ್ಕರೆ ಆವಿ ಅಲ್ಲೇ ಕೂರುತ್ತದೆ. ಕೊಳಕು ಗಾಳಿಯಲ್ಲಿ ಹಳೆಯ ಕಣಗಳ ಮೈಯೇ ಬೇಕಾದಷ್ಟಿದೆ. ಸಲ್ಫ್ಯೂರಿಕ್ ಆಮ್ಲದ ಅಣು ಜೋಡಿ ಹುಡುಕುವ ಮೊದಲೇ ಯಾವುದೋ ಮಸಿಕಣಕ್ಕೆ ಅಂಟಿಬಿಡುತ್ತದೆ. ಹೇಗೋ ನಾಲ್ಕು ಅಣು ಸೇರಿ ಒಂದು ಗುಂಪಾಯಿತು ಎನ್ನಿ. ಬೆಳಗ್ಗೆ ಒಂಬತ್ತಕ್ಕೆ ಕುರ್ಲಾ ಸ್ಟೇಷನ್ನಿನ ಸೇತುವೆ ಮೇಲೆ ಕೈ ಕೈ ಹಿಡಿದು ಹೊರಟ ನಾಲ್ಕು ಮಕ್ಕಳ ಸ್ಥಿತಿ ಅದರದ್ದು. ಕಣ ಸಣ್ಣದಾದಷ್ಟೂ ಅದರ ಓಡಾಟ ಜಾಸ್ತಿ, ಓಡಾಡಿದಷ್ಟೂ ದೊಡ್ಡದಕ್ಕೆ ಡಿಕ್ಕಿ ಹೊಡೆದು ಅದರಲ್ಲೇ ಕರಗಿಹೋಗುವ ಸಂಭವ ಜಾಸ್ತಿ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಅದು ಬೆಳೆಯಬೇಕು, ಇಲ್ಲವಾದರೆ ಕಳೆದುಹೋಗಬೇಕು.

ಆದರೂ ಹುಟ್ಟುತ್ತವೆ, ಉಳಿಯುತ್ತವೆ. ನಮ್ಮ ನೆರೆಯ ಪುಣೆಯಲ್ಲಿ ಮತ್ತು ಕಾನ್ಪುರದಲ್ಲಿ ಅಳತೆ ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಎರಡೂ ಕಡೆ ಹೊಸ ಕಣಗಳ ಹುಟ್ಟನ್ನು ದಾಖಲಿಸಿತು. 2018ರಲ್ಲಿ ಶಾಂಘಾಯಿಯ ಅಳತೆಗಳು ಸಲ್ಫ್ಯೂರಿಕ್ ಆಮ್ಲ ಮತ್ತು ಡೈಮಿಥೈಲ್ ಅಮೈನ್ ಜೋಡಿಯ ಕೈವಾಡವನ್ನು ಬೀದಿಯ ಗಾಳಿಯಲ್ಲೇ ಹಿಡಿದವು. ಜಿನೀವಾದ ಕೋಠಿಯಲ್ಲಿ ಕಂಡದ್ದು ನಿಜವಾದ ಊರಿನಲ್ಲೂ ಕಂಡಿತು. 2020ರಲ್ಲಿ ಕ್ಲೌಡ್ ತಂಡ ಮತ್ತೊಂದು ಎಳೆ ಹಿಡಿಯಿತು. ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ವಾಹನಗಳ ಹೊಗೆಯಿಂದಾಗುವ ನೈಟ್ರಿಕ್ ಆಮ್ಲ ಮತ್ತು ಅಮೋನಿಯಾ ಎರಡೂ ಸೇರಿ ನವಜಾತ ಕಣಗಳ ಮೇಲೆ ಗಬಗಬನೆ ಕೂತು, ಡಿಕ್ಕಿಯಾಗುವ ಮೊದಲೇ ಅವನ್ನು ಬೆಳೆಸಿಬಿಡುತ್ತವೆ.

ಈ ಕೊನೆಯದನ್ನು ಮುಂಬಯಿಗೆ ನೇರವಾಗಿ ತಂದು ಅಂಟಿಸುವವರನ್ನು ನೋಡಿದ್ದೇನೆ. ಅದು ಸರಿಯಲ್ಲ. ಈ ನಗರದಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶ 7.4 ಡಿಗ್ರಿ, ಅದೂ 1962ರ ಜನವರಿಯಲ್ಲಿ. ನೆಲಮಟ್ಟದಲ್ಲಿ ನಮಗೆ ಆ ಚಳಿ ಇಲ್ಲ; ದೆಹಲಿಯ ಜನವರಿಗೆ ಇದೆ. ದೆಹಲಿಯ ಕಥೆಯೂ ಬೇರೆಯೇ. ಐಐಟಿ ಕಾನ್ಪುರದ ವಿಜ್ಞಾನಿಗಳು ಮುಂದಾಗಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ಕಣಗಳು ರಾತ್ರಿ ಹೊತ್ತು, ಬಿಸಿಲಿಲ್ಲದೆಯೇ, ರಭಸದಿಂದ ಬೆಳೆಯುತ್ತವೆ. ಕಟ್ಟಿಗೆ, ಕಸಕಡ್ಡಿ ಉರಿಸಿದಾಗ ಬರುವ ಸಾವಯವ ಆವಿಗಳು ಚಳಿಗೆ ತಣಿದು ಅವುಗಳ ಮೇಲೆ ಕೂರುತ್ತವೆ. ಒಂದೊಂದು ಊರಿಗೂ ಅದರದೇ ಪಾಕವಿಧಾನ. ಹಾಗಾಗಿಯೇ ದೆಹಲಿಗೆ ಬರೆದ ಚೀಟಿಯನ್ನು ಮುಂಬಯಿಯ ಔಷಧಿ ಅಂಗಡಿಗೆ ಒಯ್ಯಬಾರದು. ನಮ್ಮದು ಕಡಲ ಗಾಳಿ, ಹೆಚ್ಚು ತೇವ, ಕಡಿಮೆ ಚಳಿ.

ಚಳಿ ಇಲ್ಲದ ಕಡೆ ಕಣವನ್ನು ಬೆಳೆಸುವ ಮುಖ್ಯ ಆಹಾರ ಸಾವಯವ ಆವಿಗಳು. ಇಲ್ಲಿಗೆ ಶೆಟ್ರ ಥಿನ್ನರ್ ಬರುತ್ತದೆ. ಲಾಸ್ ಏಂಜಲೀಸಿನ ಕಣ್ಣುರಿಯುವ ಮಬ್ಬು ಬಿಸಿಲು, ಸಾವಯವ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳ ಸೃಷ್ಟಿ ಎಂದು ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್ 1950ರ ದಶಕದಲ್ಲಿ ತೋರಿಸಿದಾಗ ಎಲ್ಲರ ಕಣ್ಣು ಮೋಟಾರು ವಾಹನಗಳ ಮೇಲೆ ಬಿತ್ತು. ವಾಹನಗಳು ಸುಧಾರಿಸುತ್ತ ಬಂದವು. 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ನೋಡಿದಾಗ, ಅಲ್ಲಿನ ನಗರಗಳಲ್ಲಿ ಪೆಟ್ರೋಲಿಯಂ ಮೂಲದ ಸಾವಯವ ಆವಿಗಳಲ್ಲಿ ಸುಮಾರು ಅರ್ಧದಷ್ಟು ಬರುತ್ತಿದ್ದುದು ಪೇಂಟು, ಅಂಟು, ಮುದ್ರಣದ ಶಾಯಿ, ಕೀಟನಾಶಕ, ನೆಲ ಒರೆಸುವ ದ್ರಾವಣ, ಸೆಂಟುಗಳಿಂದ. ಬಿಸಿಲಿಗೆ ಕಾದ ಡಾಂಬರು ಕೂಡ ಕಣಕ್ಕೆ ತಿರುಗುವ ಆವಿ ಬಿಡುತ್ತದೆ ಎಂದು 2020ರಲ್ಲಿ ಗೊತ್ತಾಯಿತು. ಅಮೆರಿಕದ ಪಾಲು ನಮಗೆ ಹಾಗೆಯೇ ಅನ್ವಯಿಸುವುದಿಲ್ಲ, ನಮ್ಮಲ್ಲಿ ಕಸ ಸುಡುವ ಹೊಗೆ ಇದೆ, ಹಳೆಯ ಲಾರಿಗಳಿವೆ. ಆದರೆ ಮಾಟುಂಗದಿಂದ ಮುಲುಂಡಿನವರೆಗೆ ಗಲ್ಲಿಗೊಂದು ಮರುನಿರ್ಮಾಣ ನಡೆಯುತ್ತಿರುವ ಈ ಹೊತ್ತಿನಲ್ಲಿ ಎಷ್ಟು ಪೇಂಟು, ಎಷ್ಟು ಥಿನ್ನರ್, ಎಷ್ಟು ಪಾಲಿಶ್ ಗಾಳಿಗೆ ಹೋಗುತ್ತಿರಬೇಡ. ಅಂದು ಕೆಳಗೆ ಹೋಗಿ ನೋಡಿದೆ. ಯಾದಗಿರಿ ಕಡೆಯ ಹುಡುಗನೊಬ್ಬ ಬ್ರಷ್ ತೊಳೆದ ಥಿನ್ನರನ್ನು ತೆರೆದ ಡಬ್ಬಿಯಲ್ಲಿ ಬಿಸಿಲಿಗೆ ಇಟ್ಟಿದ್ದ. "ಸಂಜೀಕ ಇದು ತಾನಾ ಹಾರಿ ಹೋಗ್ತೈತ್ರೀ" ಎಂದ. ಹಾರಿಹೋದದ್ದನ್ನು ಮೊದಲು ಉಸಿರಾಡುವವನು ಅವನೇ. ಮುಖಕ್ಕೆ ಕಟ್ಟಿಕೊಂಡಿದ್ದ ಕರವಸ್ತ್ರ ಧೂಳಿನ ದಪ್ಪ ಕಣವನ್ನು ಒಂದಿಷ್ಟು ತಡೆದೀತು, ಆವಿಯನ್ನು ತಡೆಯುವುದಿಲ್ಲ.

ಇನ್ನು ನಮ್ಮ ಕ್ರಮಗಳ ಕಡೆ ಬರೋಣ. 2023ರ ಅಕ್ಟೋಬರಿನಲ್ಲಿ ಗಾಳಿ ಕೆಟ್ಟಾಗ ಬಾಂಬೆ ಹೈಕೋರ್ಟ್ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು, ಮಹಾನಗರಪಾಲಿಕೆ ಮಾರ್ಗಸೂಚಿ ಹೊರಡಿಸಿತು. ದೊಡ್ಡ ನಿವೇಶನಗಳಿಗೆ 35 ಅಡಿ, ಸಣ್ಣವಕ್ಕೆ 25 ಅಡಿ ಎತ್ತರದ ಶೀಟು, ಕಟ್ಟಡಕ್ಕೆ ಹಸಿರು ಬಟ್ಟೆ, ನೀರು ಸಿಂಪಡಣೆ, ಮಂಜು ಚಿಮ್ಮುವ ಯಂತ್ರ. ಎಲ್ಲವೂ ಬೇಕಾದವೇ, ಎಲ್ಲವೂ ಧೂಳಿಗೆ. ಕೇಂದ್ರದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾಯಿತು. 2025-26ರೊಳಗೆ ಶೇ 40ರಷ್ಟು ಇಳಿಸಬೇಕೆಂಬ ಅದರ ಗುರಿಯೂ ಪಿಎಂ 10ರ, ಅಂದರೆ 10 ಮೈಕ್ರಾನಿನ (ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನ) ಒಳಗಿನ ಕಣಗಳ ತೂಕದ ಮೇಲೆಯೇ ನಿಂತಿತ್ತು. ಮರ, ಕಲ್ಲಿದ್ದಲು ಬಳಸುವ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸಿಗೆ ಬದಲಾಗಬೇಕೆಂದು 2025ರ ಜನವರಿಯಲ್ಲಿ ಹೈಕೋರ್ಟ್ ಹೇಳಿದ್ದು ಮಾತ್ರ ಆವಿಯನ್ನೂ ಮಸಿಯನ್ನೂ ಒಟ್ಟಿಗೆ ಹಿಡಿಯುವ ಕ್ರಮ.

ತೂಕದ ಲೆಕ್ಕ ಎಲ್ಲಿ ಎಡವುತ್ತದೆ ಎಂಬುದಕ್ಕೆ ಸಣ್ಣ ಗಣಿತ ಸಾಕು. ಹೊಸ ಕಣ ಹುಟ್ಟುವಾಗ ಒಂದೆರಡು ನ್ಯಾನೋಮೀಟರ್ ಇರುತ್ತದೆ, ಬೆಳೆದು 10 ಆಯಿತೆನ್ನಿ. ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರಾನ್. 2.5 ಮೈಕ್ರಾನಿನ ಒಂದೇ ಒಂದು ಕಣದಷ್ಟು ತೂಗಲು ಇಂಥ 10 ನ್ಯಾನೋಮೀಟರಿನ ಕಣಗಳು 1 ಕೋಟಿ 56 ಲಕ್ಷಕ್ಕೂ ಹೆಚ್ಚು ಬೇಕು. ತಕ್ಕಡಿಗೆ ಅವು ಇಲ್ಲವೆಂದೇ ಲೆಕ್ಕ. ಶ್ವಾಸಕೋಶಕ್ಕೆ ಹಾಗಲ್ಲ. 100 ನ್ಯಾನೋಮೀಟರಿಗಿಂತ ಸಣ್ಣವು ಶ್ವಾಸಕೋಶದ ಗಾಳಿಚೀಲಗಳ ತಳದವರೆಗೆ ಇಳಿಯಬಲ್ಲವು, ಅಲ್ಲಿಂದ ರಕ್ತಕ್ಕೂ ದಾಟಬಲ್ಲವು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಅತಿಸೂಕ್ಷ್ಮ ಕಣಗಳಿಗೆ ಮಿತಿ ಹಾಕಲಿಲ್ಲ, ಆದರೆ ಎಣಿಸಿ ಎಂದಿತು. ದಿನದ ಸರಾಸರಿ ಒಂದು ಘನ ಸೆಂಟಿಮೀಟರಿಗೆ 1,000ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 10,000 ದಾಟಿದರೆ ಹೆಚ್ಚು ಎಂದು ಒಂದು ಅಳತೆಗೋಲನ್ನೂ ಕೊಟ್ಟಿತು. ಯುರೋಪಿನ ಒಕ್ಕೂಟ 2024ರ ತನ್ನ ಹೊಸ ಕಾನೂನಿನಲ್ಲಿ ಈ ಎಣಿಕೆಯನ್ನು ಆಯ್ದ ಕೇಂದ್ರಗಳಿಗೆ ಕಡ್ಡಾಯ ಮಾಡಿತು. 2009ರ ನಮ್ಮ ರಾಷ್ಟ್ರೀಯ ಗಾಳಿ ಗುಣಮಟ್ಟದ ಮಾನದಂಡದಲ್ಲಿ ಹನ್ನೆರಡು ಮಾಲಿನ್ಯಕಾರಕಗಳಿವೆ, ಕಣಗಳ ಸಂಖ್ಯೆ ಅದರಲ್ಲಿಲ್ಲ. ಎಣಿಸುವುದು ನಮಗೆ ತೀರ ಹೊಸದೂ ಅಲ್ಲ. ಬಿಎಸ್-6 ನಿಯಮ ಡೀಸೆಲ್ ಕಾರಿಗೆ ಕಿಲೋಮೀಟರಿಗೆ 60,000 ಕೋಟಿ ಕಣಗಳ ಮಿತಿ ಹಾಕಿದೆ. ಆದರೆ ಆ ಎಣಿಕೆ ಸುಮಾರು 23 ನ್ಯಾನೋಮೀಟರಿಗಿಂತ ದೊಡ್ಡ ಕಣಗಳದ್ದು, ಅದೂ ಕೊಳವೆಯ ಬಾಯಲ್ಲಿ. ಕೊಳವೆ ಬಿಟ್ಟ ಮೇಲೆ ಗಾಳಿಯಲ್ಲಿ ಹುಟ್ಟಿದ್ದು ಆ ಲೆಕ್ಕಕ್ಕೆ ಸಿಗುವುದಿಲ್ಲ.

ನನಗೆ ಹೆಚ್ಚು ಚಿಂತೆ ಹಚ್ಚುವ ಸಂಗತಿ ಬೇರೆ ಇದೆ. ಹಳೆಯ ಕಣಗಳ ಮೈ ಆವಿಯನ್ನು ಹೀರಿಕೊಳ್ಳುತ್ತದೆ ಎಂದೆನಲ್ಲ. ಧೂಳನ್ನೂ ಮಸಿಯನ್ನೂ ಇಳಿಸಿ, ಗಂಧಕ, ಅಮೋನಿಯಾ, ಸಾವಯವ ಆವಿಗಳನ್ನು ಹಾಗೆಯೇ ಬಿಟ್ಟರೆ, ಕೂರಲು ಜಾಗವಿಲ್ಲದ ಆವಿ ಹೊಸ ಕಣ ಕಟ್ಟುವ ಸಂಭವ ಹೆಚ್ಚುತ್ತದೆ. ತೂಕ ಇಳಿದು ಸಂಖ್ಯೆ ಏರಬಹುದು. ಅದಕ್ಕಾಗಿ ಧೂಳನ್ನು ಬಿಟ್ಟುಬಿಡಬೇಕೆಂದು ಯಾರೂ ಹೇಳುವುದಿಲ್ಲ, ನಾನಂತೂ ಹೇಳುವುದಿಲ್ಲ. ಧೂಳಿನ ಜತೆಗೇ ಆವಿಯನ್ನೂ ಹಿಡಿಯಬೇಕು.

ಹಾಗಿರುವಾಗ 2025ರ ಜುಲೈಯಲ್ಲಿ ಕೇಂದ್ರ ಪರಿಸರ ಸಚಿವಾಲಯ ತೆಗೆದುಕೊಂಡ ನಿರ್ಧಾರ ನನಗೆ ತಪ್ಪೆಂದೇ ತೋರುತ್ತದೆ. ಕಲ್ಲಿದ್ದಲು ವಿದ್ಯುತ್ ಘಟಕಗಳು ಚಿಮಣಿ ಹೊಗೆಯಿಂದ ಗಂಧಕ ತೆಗೆಯುವ ಯಂತ್ರ ಹಾಕಬೇಕೆಂದು 2015ರಲ್ಲಿ ಬಂದ ನಿಯಮದಿಂದ ದೇಶದ ಹೆಚ್ಚಿನ ಘಟಕಗಳಿಗೆ ವಿನಾಯಿತಿ ಸಿಕ್ಕಿತು. ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ 10 ಕಿಲೋಮೀಟರ್ ಒಳಗಿನವಕ್ಕೆ 2027ರ ಕೊನೆಯವರೆಗೆ ಗಡುವು. ಕೊಟ್ಟ ಕಾರಣಗಳಲ್ಲಿ ಒಂದು, ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಮಟ್ಟ ಮಾನದಂಡದ ಒಳಗೇ ಇದೆ ಎಂಬುದು. ಅನಿಲವಾಗಿ ಉಳಿದದ್ದನ್ನು ಅಳೆದರೆ ಅದು ನಿಜವಿರಬಹುದು. ಆದರೆ ಅದು ಅನಿಲವಾಗಿಯೇ ಉಳಿಯುವುದಿಲ್ಲವಲ್ಲ! ಗಾಳಿ ಅದನ್ನು 10 ಕಿಲೋಮೀಟರಿನ ಗೆರೆ ದಾಟಿಸಿ ನೂರಾರು ಕಿಲೋಮೀಟರ್ ಒಯ್ಯುತ್ತದೆ, ದಾರಿಯಲ್ಲಿ ಅದು ಸಲ್ಫೇಟ್ ಕಣವಾಗುತ್ತದೆ. ಚಿಮಣಿಯ ಲೆಕ್ಕದಲ್ಲಿ ಬಿಟ್ಟುಹೋದದ್ದು ಯಾವುದೋ ಊರಿನ ಪಿಎಂ 2.5 ಲೆಕ್ಕದಲ್ಲಿ ತೇಲುತ್ತದೆ, ಆಗ ಅಲ್ಲಿನ ನಗರಸಭೆ ರಸ್ತೆಗೆ ನೀರು ಹೊಡೆಯುತ್ತದೆ.

ಕೆಳಮಟ್ಟದಲ್ಲಿ ಆಗಬಹುದಾದದ್ದೂ ಇದೆ. ನಿರ್ಮಾಣದ ಅನುಮತಿ ಕೊಡುವಾಗ ಶೀಟಿನ ಎತ್ತರ ಬರೆಯುವ ಪಾಲಿಕೆ, ನೀರಿನಲ್ಲಿ ಕಲಸುವ ಪೇಂಟನ್ನೇ ಬಳಸಬೇಕೆಂದು, ಥಿನ್ನರ್ ಡಬ್ಬಿ ಮುಚ್ಚಿಡಬೇಕೆಂದು ಒಂದು ಸಾಲು ಸೇರಿಸಬಹುದು. ಬಂದರಿನಲ್ಲಿ ನಿಂತ ಹಡಗು ಎಂಜಿನ್ ಆರಿಸಿ ದಡದ ಕರೆಂಟು ತೆಗೆದುಕೊಳ್ಳುವಂತೆ ಮಾಡಬಹುದು. ಕನಿಷ್ಠ ಟ್ರಾಂಬೆಯ ಬಳಿ, ಬಂದರಿನ ಬಳಿ ಕಣ ಎಣಿಸುವ ಒಂದೊಂದು ಯಂತ್ರ ಇಟ್ಟು ಅದರ ಅಂಕಿಯನ್ನು ಜನರಿಗೆ ಕಾಣುವಂತೆ ಹಾಕಬಹುದು.

ಜನವರಿಯ ಒಂದು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಟೆರೇಸಿಗೆ ಹೋಗಿದ್ದೆ. ಶೆಟ್ರ ಮನೆಯ ಅಕ್ಕ ಹಳೆಯ ಸೀರೆಯ ಮೇಲೆ ಮಜ್ಜಿಗೆ ಮೆಣಸು ಹರವುತ್ತಿದ್ದರು. ಬೆಳಗಿನ ಮಬ್ಬು ಕರಗಿ ಬಿಸಿಲು ಚುರುಕಾಗಿತ್ತು, ಕಡಲ ಕಡೆಯಿಂದ ಗಾಳಿ ಬೀಸತೊಡಗಿತ್ತು. ಮೊಬೈಲಿನಲ್ಲಿ ಪಿಎಂ 2.5 ಇಳಿಯುತ್ತಿತ್ತು. ದಿನದಲ್ಲಿ ಹೊಸ ಕಣಗಳು ಸಾಮಾನ್ಯವಾಗಿ ಹುಟ್ಟುವುದೂ ಇದೇ ಹೊತ್ತಿಗೆ: ಹಳೆಯ ಕಣಗಳು ಚೆದುರಿ, ಬಿಸಿಲು ಏರಿ, ಆವಿಗಳಿಗೆ ದಾರಿ ತೆರೆದಾಗ. ಮಾಹುಲಿನ ಚಿಮಣಿಗಳು ದೂರದಲ್ಲಿ ನಿಚ್ಚಳವಾಗಿ ಕಾಣುತ್ತಿದ್ದವು. ಅಕ್ಕ ತಲೆಯೆತ್ತಿ, "ಈಗ ಗಾಳಿ ಒಳ್ಳೆದುಂಟಲ್ಲ?" ಎಂದು ಕೇಳಿದರು.

"ತೂಕದಲ್ಲಿ ಹೌದು ಅಕ್ಕ. ಎಷ್ಟು ಕಣ ಅಂತ ಈ ಆ್ಯಪ್ ಹೇಳುವುದಿಲ್ಲ" ಎಂದೆ. ಅವರು ಮೆಣಸಿನ ಮೇಲೆ ಇನ್ನೊಂದು ತೆಳು ಪಂಚೆ ಹೊದಿಸಿದರು.